ಅಜ್ಜಾರ ಹೆಸರಿನಲ್ಲಿ ಧ ಬೇಕು, ದ ಅಲ್ಲ

ನಮ್ಮ ಸೋದರತ್ತೆ ಹುಬ್ಬಳ್ಳಿಯಲ್ಲಿ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಇನ್ನೂ ಒಂದೂವರೆ ತಿಂಗಳು ಇರುವಾಗ ಫೋನ್ ಮಾಡಿ, "ಅಂಗಡ್ಯಾಗಿಂದ ಏನೂ ತರಬ್ಯಾಡ, ನಿನ್ನ ಮಷೀನಿನ್ಯಾಗ ಅಜ್ಜಾರ ಹೆಸರು ಹಾಕಿ ಏನರ ಮಾಡಿಕೊಡು" ಅಂದರು. ಅಜ್ಜಾರು ಅಂದರೆ ಹುಬ್ಬಳ್ಳಿ ಮಠದ ಸಿದ್ಧಾರೂಢ ಸ್ವಾಮಿಗಳು. ನಮ್ಮ ಕಡೆ ಯಾರೂ ಪೂರ್ತಿ ಹೆಸರು ಹೇಳುವುದಿಲ್ಲ, ಅಜ್ಜಾರು ಅಂದರೆ ಮುಗಿಯಿತು. ಅವರು ದೇಹ ಬಿಟ್ಟದ್ದು 1929ರಲ್ಲಿ. ಆದರೆ ಅತ್ತೆ ಮಾತಾಡುವುದು ಕೇಳಿದರೆ ಅವರು ನಿನ್ನೆ ತಾನೇ ಮನೆಗೆ ಬಂದು ಹೋದ ಹಾಗಿರುತ್ತದೆ. ಈಗ ಹುಬ್ಬಳ್ಳಿ ರೈಲು ನಿಲ್ದಾಣಕ್ಕೂ ಅವರದೇ ಹೆಸರು.

ಅತ್ತೆ ಮೊದಲು ಕೇಳಿದ್ದು ಒಂದು ಆಸನ. ಪೂಜೆಗೆ ಕೂರುವ ಮೆತ್ತನೆಯ ಬಟ್ಟೆ, ಅದರ ಮೇಲೆ "ಓಂ ನಮಃ ಶಿವಾಯ". ನನಗೆ ಒಪ್ಪಲು ಆಗಲಿಲ್ಲ. ಮಂತ್ರದ ಮೇಲೆ ಕೂರುವುದು ಹೇಗೆ? ಹಾಗಂತ ಹಿರಿಯರಿಗೆ ನೇರವಾಗಿ ಹೇಳುವುದೂ ಕಷ್ಟ. ಎರಡು ದಿನ ಸುಮ್ನೆ ಇದ್ದು, ಆಮೇಲೆ "ಅತ್ತಿ, ಕೂಡ್ರೋದರ ಮ್ಯಾಲೆ ಬ್ಯಾಡ, ತಲಿ ಮ್ಯಾಲೆ ಇರೋದರ ಮ್ಯಾಲೆ ಹಾಕೋಣು" ಅಂದೆ. ಅವರಿಗೆ ತಕ್ಷಣ ಅರ್ಥವಾಯಿತು, "ಹೌದಲ್ಲ, ನನಗ ಹೊಳೀಲೇ ಇಲ್ಲ ನೋಡವ್ವಾ" ಅಂದರು. ಹಾಗೆ ಅದು ದೇವರಮನೆ ಬಾಗಿಲಿನ ತೋರಣವಾಯಿತು. ನಡುವೆ ಕುಂಕುಮ ಬಣ್ಣದ ಕೈಮಗ್ಗದ ಬಟ್ಟೆ, ಅದರ ಮೇಲೆ ಚಿನ್ನದ ಬಣ್ಣದಲ್ಲಿ "ಶ್ರೀ ಸಿದ್ಧಾರೂಢ", ಎರಡೂ ಬದಿಗೆ ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ. ಜೊತೆಗೆ ಬಂದವರಿಗೆ ಕೊಡಲು 21 ವಿಭೂತಿ ಚೀಲ, ಪ್ರತಿಯೊಂದರ ಮೇಲೂ ಒಂದು ಓಂ.

ಚೀಲದ ವಿಷಯದಲ್ಲೂ ಅವ್ವ ಒಂದು ಮಾತು ಹೇಳಿದರು. ಕೈಚೀಲ ಮಾಡಿ ಮಂತ್ರ ಹಾಕಿದರೆ ನಾಳೆ ಜನ ಅದರಲ್ಲಿ ಉಳ್ಳಾಗಡ್ಡಿ ತರುತ್ತಾರೆ, ಬಸ್ಸಿನಲ್ಲಿ ಕಾಲ ಹತ್ತಿರ ಇಡುತ್ತಾರೆ. ವಿಭೂತಿ ಚೀಲ ಆದರೆ ದೇವರ ಮುಂದೆಯೇ ಇರುತ್ತದೆ. ಇಂಥ ಕೆಲಸ ಶುರು ಮಾಡುವವರು ಮೊದಲು ಯೋಚಿಸಬೇಕಾದದ್ದು ಇದನ್ನೇ: ಆ ಅಕ್ಷರ ಎಲ್ಲಿ ಹೋಗಿ ಕೂರುತ್ತದೆ, ಯಾರ ಕೈಯಲ್ಲಿ ಹೇಗೆ ಬಳಕೆ ಆಗುತ್ತದೆ. ದಾರದ ಬಣ್ಣ, ಅಕ್ಷರದ ವಿನ್ಯಾಸ ಎಲ್ಲ ಆಮೇಲೆ.

ನನ್ನದು ಮನೆಯಲ್ಲಿ ಇಟ್ಟುಕೊಳ್ಳುವ ಸಣ್ಣ ಎಂಬ್ರಾಯ್ಡರಿ ಮಷೀನು. ಬಟ್ಟೆ ಬಿಗಿಯುವ ಫ್ರೇಮು 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ, ಅಷ್ಟೇ. ಅದರ ಒಳಗೆ ಇಂಗ್ಲಿಷ್ ಅಕ್ಷರ ಬೇಕಾದಷ್ಟಿದೆ, ಕನ್ನಡ ಒಂದೂ ಇಲ್ಲ. ಅಕ್ಷರ ಹೊಲಿಗೆ ಮಾಡಲು ಬಳಸುತ್ತಿದ್ದ ಒಂದು ಸಾಫ್ಟ್‌ವೇರ್ ನನ್ನ ಹತ್ತಿರ ಇತ್ತು. ಅದರಲ್ಲಿ ಕನ್ನಡ ಫಾಂಟು ಆರಿಸಿ "ಶ್ರೀ ಸಿದ್ಧಾರೂಢ" ಅಂತ ಟೈಪ್ ಮಾಡಿದೆ. ಪರದೆ ಮೇಲೆ ಬಂದದ್ದು ನೋಡಿ ಹೊಟ್ಟೆ ಚುರ್ ಅಂದಿತು. ಶ್ ಒಂದು ಕಡೆ, ರೀ ಒಂದು ಕಡೆ. ದ್ ಪಕ್ಕದಲ್ಲಿ ಧಾ ನಿಂತಿದೆ, ಒತ್ತು ಕೆಳಗೆ ಇಳಿದೇ ಇಲ್ಲ. ಹೆಸರನ್ನು ಯಾರೋ ಒಡೆದು ಚೆಲ್ಲಿದ ಹಾಗೆ.

ಯಾಕೆ ಹೀಗೆ ಅಂತ ತಿಳಿಯಲು ಎರಡು ರಾತ್ರಿ ಹೋಯಿತು. ಕಂಪ್ಯೂಟರು ಯುನಿಕೋಡ್‌ನಲ್ಲಿ "ಶ್ರೀ" ಅನ್ನೋದನ್ನ ಒಂದೇ ಅಕ್ಷರವಾಗಿ ಇಟ್ಟುಕೊಳ್ಳುವುದಿಲ್ಲ. ಶ, ಅರ್ಧಾಕ್ಷರದ ಗುರುತು, ರ, ದೀರ್ಘದ ಗುರುತು ಹೀಗೆ ನಾಲ್ಕು ತುಂಡಾಗಿ ಇಟ್ಟುಕೊಳ್ಳುತ್ತದೆ. ಅವನ್ನು ಜೋಡಿಸಿ, ರ ಒತ್ತನ್ನು ಕೆಳಗೆ ಇಳಿಸಿ, ಗುಡಿಸನ್ನು ತಲೆಗೆ ಏರಿಸುವ ನಿಯಮಗಳು ಫಾಂಟಿನ ಒಳಗೆ ಇರುತ್ತವೆ. ಸಾಫ್ಟ್‌ವೇರ್ ಆ ನಿಯಮ ಓದಿದರೆ ಸರಿ, ಓದದಿದ್ದರೆ ತುಂಡುಗಳನ್ನು ಸಾಲಾಗಿ ಇಟ್ಟು ಸುಮ್ಮನಾಗುತ್ತದೆ. ಇಂಗ್ಲಿಷ್‌ಗೆ ಈ ತೊಂದರೆ ಇಲ್ಲ, ಒಂದರ ಪಕ್ಕ ಒಂದು ಇಟ್ಟರೆ ಮುಗಿಯಿತು, ಅಲ್ವಾ? ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿ ಒತ್ತು, ಗುಡಿಸು, ಕೊಂಬು ಎಲ್ಲ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಬಿಡಿಬಿಡಿಯಾಗಿ ಕೂತಿರುತ್ತವೆ. ಹಾಗಾಗಿ ಅವು ಇಂಥ ಸಾಫ್ಟ್‌ವೇರ್‌ನಲ್ಲೂ ಸರಿಯಾಗಿ ಕಾಣಬಹುದು. ಗಡಿಬಿಡಿಯಲ್ಲಿ ಇರುವವರು ಆ ದಾರಿ ಹಿಡಿಯಬಹುದು.

ನಾನು ಹಿಡಿದದ್ದು ಬೇರೆ ದಾರಿ. ಇಂಕ್‌ಸ್ಕೇಪ್ ಅಂತ ಉಚಿತ ಚಿತ್ರ ಬಿಡಿಸುವ ತಂತ್ರಾಂಶ ಇದೆ, ಅದರಲ್ಲಿ ಕನ್ನಡ ಚೆನ್ನಾಗಿ ಬರುತ್ತದೆ. ಅದಕ್ಕೆ ಇಂಕ್‌ಸ್ಟಿಚ್ ಅನ್ನುವ ಇನ್ನೊಂದು ಉಚಿತ ತುಣುಕು ಸೇರಿಸಿದರೆ, ಬಿಡಿಸಿದ ಗೆರೆಯನ್ನು ಹೊಲಿಗೆಯಾಗಿ ಮಾಡಿ ಮಷೀನಿಗೆ ಬೇಕಾದ ಫೈಲು ಕೊಡುತ್ತದೆ. ನೋಟೋ ಸ್ಯಾನ್ಸ್ ಕನ್ನಡ ಫಾಂಟಿನಲ್ಲಿ ಹೆಸರು ಟೈಪ್ ಮಾಡಿ, ಅದನ್ನು ತೆಳುವಾಗಿ ಹಿಂದೆ ಇಟ್ಟು, ಮೇಲೆ ನಾನೇ ಒಂದೊಂದು ಗೆರೆ ಎಳೆದೆ. ಬಾಲೂ ತಮ್ಮ ಫಾಂಟು ಗುಂಡುಗುಂಡಾಗಿ ಚೆಂದ ಇದೆ, ಅದನ್ನೂ ಹಾಕಿ ನೋಡಿದೆ. ಆದರೆ ಗೆರೆ ದಪ್ಪ, ಒತ್ತಕ್ಷರದ ಹತ್ತಿರ ಜಾಗವೇ ಉಳಿಯುವುದಿಲ್ಲ. ಬಟ್ಟೆ ಮೇಲೆ ಜಾಗ ಇರಲೇಬೇಕು, ಯಾಕೆಂದರೆ ದಾರ ಶಾಯಿಯ ಹಾಗಲ್ಲ. ಅದಕ್ಕೆ ದಪ್ಪ ಇದೆ, ಎಳೆತ ಇದೆ.

ಅಕ್ಷರಕ್ಕೆ ಹಾಕುವುದು ಸ್ಯಾಟಿನ್ ಹೊಲಿಗೆ. ಗೆರೆಯ ಈ ಅಂಚಿಂದ ಆ ಅಂಚಿಗೆ ಒತ್ತೊತ್ತಾಗಿ ಹೋಗಿ ಬರುವುದು. ಗೆರೆ 1 ಮಿ.ಮೀ.ಗಿಂತ ಸಣ್ಣ ಆದರೆ ದಾರ ಗಂಟುಗಂಟಾಗಿ ಗುಡ್ಡೆ ಬೀಳುತ್ತದೆ, 7 ಮಿ.ಮೀ. ದಾಟಿದರೆ ಸಡಿಲವಾಗಿ ಬಳೆಗೆ, ಉಗುರಿಗೆ ಸಿಕ್ಕಿಕೊಳ್ಳುತ್ತದೆ. ನಾನು ದೊಡ್ಡ ಅಕ್ಷರಕ್ಕೆ ಮೂರೂವರೆ ಮಿ.ಮೀ. ಇಟ್ಟೆ. ಕನ್ನಡದಲ್ಲಿ ಎಲ್ಲವೂ ದುಂಡು, ಅದೇ ನಮ್ಮ ಲಿಪಿಯ ಚೆಲುವು, ಹೊಲಿಯುವವರಿಗೆ ಅದೇ ಪರೀಕ್ಷೆ. ತಿರುವಿನಲ್ಲಿ ಹೊರ ಅಂಚು ಉದ್ದ, ಒಳ ಅಂಚು ಗಿಡ್ಡ. ಸೂಜಿ ಒಳಗಡೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಚುಚ್ಚಿ ಬಟ್ಟೆಗೆ ತೂತು ಮಾಡುತ್ತದೆ. ಅದಕ್ಕೆ ಒಳ ಅಂಚಿನ ಕೆಲವು ಹೊಲಿಗೆಯನ್ನು ಅರ್ಧಕ್ಕೇ ನಿಲ್ಲಿಸುವ ಏರ್ಪಾಡು ಇಂಕ್‌ಸ್ಟಿಚ್‌ನಲ್ಲಿ ಇದೆ, ಅದನ್ನು ಹಾಕಿಕೊಂಡೆ.

ಒಂಬತ್ತು ದಿನ ಕೂತು ಫೈಲು ಮುಗಿಸಿದೆ. ಪರದೆ ಮೇಲೆ ಅದ್ಭುತವಾಗಿ ಕಂಡಿತು. ಕುಂಕುಮ ಬಣ್ಣದ ಬಟ್ಟೆಯ ಒಂದು ಒಳ್ಳೆ ತುಂಡನ್ನೇ ಫ್ರೇಮಿಗೆ ಬಿಗಿದು "ಸಿದ್ಧಾ" ಹೊಲಿದೆ, ಆಮೇಲೆ "ರೂಢ". ಹೊಳೆಯುವ ದಾರ, ದುಂಡು ದುಂಡು ಅಕ್ಷರ. ಓಡಿ ಹೋಗಿ ಅವ್ವನ ಕೈಗೆ ಕೊಟ್ಟೆ. ಅವ್ವ ಕನ್ನಡಕ ಹಾಕಿಕೊಂಡು, ಬಟ್ಟೆಯನ್ನು ಕಿಟಕಿ ಬೆಳಕಿಗೆ ಹಿಡಿದು, ಬಹಳ ಹೊತ್ತು ಏನೂ ಹೇಳಲಿಲ್ಲ.

"ಯವ್ವಾ, ಹೊಟ್ಟಿ ಸೀಳಿದ್ದು ಎಲ್ಲಿ ಐತಿ? ಇದು ದ ಆಗೇತಿ. ಕಡೀಕೂ ಢ ಇಲ್ಲ, ಡ ಐತಿ. ಅಜ್ಜಾರ ಹೆಸರು ತಪ್ಪ ಬರದರ ಹೆಂಗ?"

ಶಾಲೆಯಲ್ಲಿ ಎಲ್ಲರೂ ಕಲಿತದ್ದೇ. ದ ಹೊಟ್ಟೆ ಸೀಳಿದರೆ ಧ, ಡ ಹೊಟ್ಟೆ ಸೀಳಿದರೆ ಢ. ಕೆಳಗೆ ಒಂದು ಸಣ್ಣ ಗೆರೆ, ಅಷ್ಟೇ ವ್ಯತ್ಯಾಸ. ನಾನು ಫೈಲಿನಲ್ಲಿ ಆ ಗೆರೆ ಹಾಕಿದ್ದೆ, ಆದರೆ ಅದು ಹೊಲಿಗೆಯ ಒಳಗೆ ಮುಳುಗಿಹೋಗಿತ್ತು. ಸಿದ್ಧ ಹೋಗಿ ಸಿದ್ದ ಆಗಿತ್ತು, ಆರೂಢ ಹೋಗಿ ಆರೂಡ ಆಗಿತ್ತು. ಆಟೋ ಹಿಂದೆ, ಅಂಗಡಿ ಬೋರ್ಡಿನಲ್ಲಿ ಹಾಗೆ ಬರೆದದ್ದು ನಾನೇ ಎಷ್ಟೋ ಸಲ ನೋಡಿದ್ದೇನೆ, ಓದಿಕೊಂಡು ಮುಂದೆ ಹೋಗಿದ್ದೇನೆ. ಆದರೆ ದೇವರಮನೆ ಬಾಗಿಲಿಗೆ ವರ್ಷಗಟ್ಟಲೆ ತೂಗುವ ಬಟ್ಟೆ ಇದು. ಅತ್ತೆ ದಿನಾ ಬೆಳಿಗ್ಗೆ ಎದ್ದು ನೋಡುವ ಹೆಸರು. ಆರೂಢ ಅಂದರೆ ಏರಿ ನಿಂತವನು, ಆರೂಡ ಅಂದರೆ ಏನೂ ಅಲ್ಲ. ಆ ದಿನ ನನಗೆ ಊಟ ಸೇರಲಿಲ್ಲ.

ಆಮೇಲೆ ಇನ್ನೊಂದು ಪ್ರಶ್ನೆ ಬಂತು. ಈ ತಪ್ಪಾದ ಬಟ್ಟೆಯನ್ನು ಏನು ಮಾಡುವುದು? ಹೂವು ತಪ್ಪಾದರೆ ತುಂಡನ್ನು ಒರೆಸಲು ಬಳಸುತ್ತೇವೆ, ಇಲ್ಲ ಕಸಕ್ಕೆ ಹಾಕುತ್ತೇವೆ. ಇದರ ಮೇಲೆ ಅಜ್ಜಾರ ಹೆಸರಿದೆ, ತಪ್ಪಾಗಿದ್ದರೂ ಹೆಸರೇ. ಕತ್ತರಿ ಹಾಕಿ ನಡುವೆ ಕತ್ತರಿಸಲು ಕೈ ಬರಲಿಲ್ಲ. ಹಳೇ ದೇವರ ಫೋಟೋಗಳನ್ನು ಜನ ಅರಳಿಮರದ ಕಟ್ಟೆ ಮೇಲೆ ಇಟ್ಟು ಬರುತ್ತಾರಲ್ಲ, ಹಾಗೆ ಇಟ್ಟು ಬರಲೂ ಮನಸ್ಸಾಗಲಿಲ್ಲ, ಅಲ್ಲಿ ಅವು ಮಳೆಯಲ್ಲಿ ನೆನೆದು ಕಾಲಿಗೆ ಸಿಗುವುದನ್ನು ನೋಡಿದ್ದೇನೆ. ಅವ್ವ ಹೇಳಿದರು, "ಬಿಚ್ಚು. ಅಕ್ಷರ ಬಿಚ್ಚಿದ ಮ್ಯಾಲೆ ಅದು ಬರೇ ಅರಿವಿ." ಹಿಂದಿನಿಂದ ಬಾಬಿನ್ ದಾರವನ್ನು, ಅಂದರೆ ಕೆಳಗಿನ ದಾರವನ್ನು, ಹೊಲಿಗೆ ಬಿಚ್ಚುವ ರಿಪ್ಪರಿನಿಂದ ಒಂದೊಂದೇ ಕಡಿದು, ಮುಂದಿನಿಂದ ಮೇಲಿನ ದಾರ ಎಳೆದು ತೆಗೆಯುವುದು. ಎರಡು ಸಂಜೆ ಬೇಕಾಯಿತು. ಆದರೆ ಮನಸ್ಸು ಹಗುರಾಯಿತು.

ಅಲ್ಲಿಂದ ನಾನು ಒಂದು ಪದ್ಧತಿ ಮಾಡಿಕೊಂಡೆ. ಪರೀಕ್ಷೆಗೆ ದೇವರ ಹೆಸರನ್ನು ಹೊಲಿಯುವುದಿಲ್ಲ. ಅದೇ ಅಕ್ಷರ ಇರುವ ಬೇರೆ ಪದ ಹೊಲಿಯುತ್ತೇನೆ. ದ್ಧ ಬೇಕೇ? "ಶುದ್ಧ". ಢ ಬೇಕೇ? "ಗಾಢ". ರೂ ಸರಿಯಾಗಿ ಬರುತ್ತದೋ ಇಲ್ಲವೋ ನೋಡಲು "ರೂಪಾಯಿ". ಶ್ರೀಗೆ "ಶ್ರೀಮಂತ". ಹಳೇ ಪಂಚೆ, ಹರಿದ ಲಂಗದ ತುಂಡಿನ ಮೇಲೆ ಇವನ್ನು ಎಷ್ಟು ಸಲ ಬೇಕಾದರೂ ಹೊಲಿಯಬಹುದು, ತಪ್ಪಾದರೆ ಎಸೆಯಬಹುದು. ಅಕ್ಷರ ಅದೇ, ಕೈ ಅದಕ್ಕೆ ಪಳಗುತ್ತದೆ, ಹೆಸರು ಮಾತ್ರ ಕೊನೆಗೆ ಒಂದೇ ಸಲ, ಒಳ್ಳೆ ಬಟ್ಟೆ ಮೇಲೆ. ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಬೇರೆಯವರಿಗೆ ಹೇಳಿಕೊಡಬೇಕು ಅನ್ನಿಸುವುದು ಇದೊಂದೇ. ಅಲ್ಲಾ ಅಂತ ಬರೆಯುವವರಿಗೂ, ಯೇಸು ಅಂತ ಬರೆಯುವವರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಸೀಳು ಯಾಕೆ ಮುಳುಗಿತು ಅಂತ "ಶುದ್ಧ", "ಗಾಢ" ಹೊಲಿದು ಹೊಲಿದು ತಿಳಿಯಿತು. ಸ್ಯಾಟಿನ್ ಹೊಲಿಗೆ ಬಿಗಿಯಾದಾಗ ಬಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಗೆರೆ ಪರದೆಯಲ್ಲಿ ಇದ್ದದ್ದಕ್ಕಿಂತ ಸಣ್ಣಗಾಗುತ್ತದೆ. ಗೆರೆಯ ತುದಿ ಮಾತ್ರ ಹೊರಕ್ಕೆ ತಳ್ಳಿ ಸ್ವಲ್ಪ ಉದ್ದವಾಗುತ್ತದೆ. ಇದಕ್ಕೆ ಫೈಲಿನಲ್ಲಿ ಮೊದಲೇ 0.2ರಿಂದ 0.4 ಮಿ.ಮೀ. ಅಗಲ ಜಾಸ್ತಿ ಕೊಡುತ್ತಾರೆ. ನಾನೂ ಎಲ್ಲ ಗೆರೆಗೂ ಕೊಟ್ಟಿದ್ದೆ. ತೊಂದರೆ ಅಲ್ಲೇ ಇತ್ತು! ಸೀಳಿನ ಅಕ್ಕಪಕ್ಕದ ಗೆರೆಗಳೂ ಅಗಲವಾಗಿ, ನಡುವೆ ಇದ್ದ ಸಂದು ಮುಚ್ಚಿಹೋಗಿ, ಒಂದು ಮಿ.ಮೀ. ಗೆರೆ ಅದರಲ್ಲಿ ಸೇರಿಕೊಂಡುಬಿಟ್ಟಿತ್ತು.

ಬದಲಾಯಿಸಿದ್ದು ಏನೆಂದರೆ, ಸೀಳನ್ನು ಅಕ್ಷರದಿಂದ ಬೇರೆ ಮಾಡಿದೆ. ಅಕ್ಷರದ ಹೊಟ್ಟೆಯಲ್ಲಿ ನಿಜವಾಗಲೂ ಒಂದು ಸಂದು ಬಿಟ್ಟೆ. ಎಲ್ಲ ಹೊಲಿದು ಮುಗಿದ ಮೇಲೆ ಸೀಳಿನ ಗೆರೆ ಕೊನೆಗೆ ಬರುವ ಹಾಗೆ ಇಟ್ಟೆ. ಅದನ್ನು ಫಾಂಟಿನಲ್ಲಿ ಇರುವುದಕ್ಕಿಂತ ಉದ್ದ ಮಾಡಿ, ಕೆಳಗೆ ಹೊರಕ್ಕೆ ಚಾಚಿಸಿದೆ. ಢ ಸರಿಯಾಯಿತು. ಆದರೆ ದ್ಧದ ಒತ್ತಿನಲ್ಲಿ ಇರುವ ಧ ಇನ್ನೂ ಚಿಕ್ಕದು, ಅಲ್ಲಿ ಏನು ಮಾಡಿದರೂ ಸೀಳು ಕಾಣಲಿಲ್ಲ. ಒಂದು ದಿನ ಹಾಲು ತರಲು ಹೋದಾಗ ನಮ್ಮ ಓಣಿಯ ಹಳೇ ಕಿರಾಣಿ ಅಂಗಡಿ ಬೋರ್ಡು ಕಣ್ಣಿಗೆ ಬಿತ್ತು. ಕುಂಚದಲ್ಲಿ ಬರೆದದ್ದು. ಅದರಲ್ಲಿ ಒತ್ತಕ್ಷರಗಳು ಮೇಲಿನ ಅಕ್ಷರದ ಅರ್ಧಕ್ಕಿಂತ ದೊಡ್ಡದಾಗಿವೆ. ದೂರದಿಂದ ಓದಲಿ ಅಂತ ಬರೆದವರು ಹಾಗೆ ಮಾಡಿದ್ದಾರೆ. ಫಾಂಟು ಹೇಳಿದ ಅಳತೆಗೇ ಯಾಕೆ ಅಂಟಿಕೊಳ್ಳಬೇಕು? ಮನೆಗೆ ಬಂದು ಒತ್ತನ್ನು ಮೇಲಿನ ಅಕ್ಷರದ ಮುಕ್ಕಾಲು ಪಾಲಿನಷ್ಟು ದೊಡ್ಡದು ಮಾಡಿದೆ. ಆ ಒತ್ತಿಗೆ ಮಾತ್ರ ತೆಳು ದಾರ, 60ನೇ ನಂಬರಿನದು, ಸೂಜಿ 9ನೇ ನಂಬರು. "ಶುದ್ಧ" ಶುದ್ಧವಾಗಿ ಬಂತು. ಅವ್ವನಿಗೆ ತೋರಿಸಿದೆ, "ಈಗ ಧ" ಅಂದರು.

ಬಟ್ಟೆಯ ಅಡಿಗೆ ಹಾಕುವ ಹಾಳೆ ಬಗ್ಗೆಯೂ ಹೇಳಬೇಕು. ನಾನು ಮುಂಚೆ ಹೂವು, ನವಿಲು ಹೊಲಿಯುವಾಗ ಹಳೇ ದಿನಪತ್ರಿಕೆ ಹಾಕುತ್ತಿದ್ದೆ. ಬಹಳ ಜನ ಹಾಕುತ್ತಾರೆ, ಖರ್ಚಿಲ್ಲ. ಅಕ್ಷರಕ್ಕೆ ಅದು ಆಗುವುದಿಲ್ಲ. ಸೂಜಿ ಒತ್ತೊತ್ತಾಗಿ ಚುಚ್ಚಿದಾಗ ಪತ್ರಿಕೆ ನಡುವೆಯೇ ಹರಿದು, ಬಟ್ಟೆ ಕೂದಲೆಳೆಯಷ್ಟು ಸರಿಯುತ್ತದೆ. ಹೂವಿನ ಎಸಳು ಸರಿದರೆ ಗೊತ್ತಾಗುವುದಿಲ್ಲ, ಅಕ್ಷರದ ಒತ್ತು ಸರಿದರೆ ಗೊತ್ತಾಗುತ್ತದೆ. ಅದೂ ಅಲ್ಲದೆ ಅಜ್ಜಾರ ಹೆಸರಿನ ಬೆನ್ನಿಗೆ ಕೊಲೆ, ಅಪಘಾತದ ಸುದ್ದಿ ಅಂಟಿಕೊಂಡಿರುವುದು ನನಗೆ ಸರಿ ಕಾಣಲಿಲ್ಲ. ಎಂಬ್ರಾಯ್ಡರಿಗೆಂದೇ ಸಿಗುವ, ಹರಿಯದ, ಸುತ್ತ ಹೆಚ್ಚಾದದ್ದನ್ನು ಮಾತ್ರ ಕತ್ತರಿಸಿ ತೆಗೆಯುವ ಬಿಳಿ ಹಾಳೆ ತಂದೆ. ಅದು ಹಿಂದೆ ಹಾಗೇ ಉಳಿದು ಅಕ್ಷರವನ್ನು ಹಿಡಿದುಕೊಳ್ಳುತ್ತದೆ.

ಅತ್ತೆಗೆ ಜರಿ ದಾರವೇ ಬೇಕಿತ್ತು. ಜರಿ ಅಂದರೆ ಹೊಳಪು ನಿಜ, ಆದರೆ ನಿಮಿಷಕ್ಕೊಮ್ಮೆ ಕಡಿಯುತ್ತದೆ. ಮೊದಲ ದಿನ "ಗಾಢ" ಒಂದು ಪದಕ್ಕೆ ಹದಿನಾಲ್ಕು ಸಲ ಕಡಿಯಿತು, ಎಣಿಸಿದ್ದೇನೆ. ಸೂಜಿಯ ಕಣ್ಣು ದೊಡ್ಡದಿರಬೇಕು, 14ನೇ ನಂಬರಿನ ಸೂಜಿ ಹಾಕಿದೆ. ಮೇಲಿನ ದಾರದ ಬಿಗಿ ಇಳಿಸಿದೆ. ವೇಗ ನಿಮಿಷಕ್ಕೆ 400 ಹೊಲಿಗೆಗೆ ತಂದೆ. ದಾರದ ಉಂಡೆಯನ್ನು ಮಷೀನಿನ ಮೇಲಿಂದ ತೆಗೆದು, ಹಿಂದೆ ನೆಲದ ಮೇಲೆ ಒಂದು ಸ್ಟೀಲ್ ಲೋಟದಲ್ಲಿ ಇಟ್ಟೆ. ಅಷ್ಟು ದೂರ ಬರುವಾಗ ಜರಿಯ ಸುರುಳಿ ತಾನೇ ಬಿಚ್ಚಿಕೊಳ್ಳುತ್ತದೆ. ಆಮೇಲೆ ಕಡಿಯುವುದು ಬಹಳ ಕಡಿಮೆಯಾಯಿತು. ಆ ಸಣ್ಣ ಒತ್ತಿಗೆ ಮಾತ್ರ ಜರಿ ಹಾಕಲಿಲ್ಲ, ಅದೇ ಬಣ್ಣದ ತೆಳು ಪಾಲಿಯೆಸ್ಟರ್ ದಾರ. ಹತ್ತಿರ ಹೋಗಿ ನೋಡಿದರೆ ಹೊಳಪು ಸ್ವಲ್ಪ ಬೇರೆ, ಆದರೆ ಓದಲು ಬರುತ್ತದೆ. ಹೊಳಪಿಗಿಂತ ಓದಲು ಬರುವುದು ಮುಖ್ಯ.

ಇನ್ನು ಉದ್ದ. ಹೆಸರು ಒಟ್ಟು 24 ಸೆಂ.ಮೀ., ಫ್ರೇಮು 10. ಹಾಗಾಗಿ ಶ್ರೀ, ಸಿದ್ಧಾ, ರೂಢ ಅಂತ ಮೂರು ಸಲ ಬಿಗಿಯಬೇಕು. ಮೂರೂ ಒಂದೇ ಗೆರೆಯಲ್ಲಿ ಕೂರದಿದ್ದರೆ ಹೆಸರು ಮೆಟ್ಟಿಲು ಇಳಿದ ಹಾಗೆ ಕಾಣುತ್ತದೆ. ಪೂರ್ತಿ ಹೆಸರನ್ನು ಅದೇ ಅಳತೆಗೆ ಕಾಗದದ ಮೇಲೆ ಪ್ರಿಂಟ್ ತೆಗೆದು, ಪ್ರತಿ ಭಾಗದ ನಡುವೆ ಪ್ಲಸ್ ಗುರುತು ಹಾಕಿ, ಅಲ್ಲಿ ಸೂಜಿಯಿಂದ ಕಾಗದಕ್ಕೆ ತೂತು ಮಾಡಿದೆ. ಬಟ್ಟೆಯ ನೇಯ್ಗೆಯ ಒಂದು ಎಳೆ ಹಿಡಿದು ಉದ್ದಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಕಾಗದ ಇಟ್ಟು, ಮಷೀನಿನ ಚಕ್ರ ಕೈಯಲ್ಲಿ ತಿರುಗಿಸಿ, ಸೂಜಿ ಸರಿಯಾಗಿ ಆ ತೂತಿನಲ್ಲೇ ಇಳಿಯುತ್ತದೆಯೇ ಅಂತ ನೋಡಿ, ಆಮೇಲೆ ಕಾಗದ ತೆಗೆದು ಹೊಲಿಗೆ ಶುರು. ಒಂದು ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ ಕೂತೆ. ಮೂರೂ ಭಾಗ ಸೇರಿ ಸುಮಾರು 9,000 ಹೊಲಿಗೆ. ಮಷೀನು ಓಡಿದ್ದು ಅರ್ಧ ಗಂಟೆಗೂ ಕಡಿಮೆ, ಆದರೆ ಬಿಗಿಯುವುದು, ಅಳೆಯುವುದು, ದಾರ ಬದಲಿಸುವುದು ಎಲ್ಲ ಸೇರಿ ಮಧ್ಯಾಹ್ನ ಎರಡಾಯಿತು. ಕೊನೆಗೆ ಢದ ಸೀಳು. ಸೂಜಿ ಅಷ್ಟು ಸಣ್ಣ ಗೆರೆಗೆ ಟಕಟಕ ಅಂತ ಹತ್ತು ಸೆಕೆಂಡು ಓಡಿ ನಿಂತಿತು. ನನ್ನ ಕಣ್ಣಲ್ಲಿ ನೀರು ಬಂದಿತ್ತು.

ಆಮೇಲೆ ಬಟ್ಟೆ ಅವ್ವನ ಕೈಗೆ ಹೋಯಿತು. ಅವ್ವ ಕಸೂತಿ ಹಾಕುತ್ತಾರೆ. ಶುರುವಿನಲ್ಲಿ ಹೆಸರನ್ನೂ ಕಸೂತಿಯಲ್ಲೇ ಹಾಕೋಣ ಅಂತ ನಾನೇ ಕೇಳಿದ್ದೆ. ಅವ್ವ ಒಪ್ಪಿರಲಿಲ್ಲ. ಕಸೂತಿ ಅಂದರೆ ಎಳೆ ಎಣಿಸಿ ಹಾಕುವುದು. ಗವಂತಿ ಅನ್ನುವ ಹೊಲಿಗೆಯಲ್ಲಿ ಗೆರೆ ನೇರ ಹೋಗುತ್ತದೆ, ಮುರ್ಗಿ ಅನ್ನುವುದರಲ್ಲಿ ಮೆಟ್ಟಿಲಾಗಿ ಏರುತ್ತದೆ. ಗೋಪುರಕ್ಕೆ, ತೇರಿಗೆ, ತುಳಸಿಕಟ್ಟೆಗೆ ಅದು ಹೇಳಿ ಮಾಡಿಸಿದ ಹಾಗಿದೆ. ಆದರೆ ಕನ್ನಡದ ದುಂಡು ಅದರಲ್ಲಿ ಕೂರುವುದಿಲ್ಲ, ರ ಕೂಡ ಚೌಕ ಆಗುತ್ತದೆ. ಹಾಗಾಗಿ ಹೆಸರು ಮಷೀನಿನದು, ಅಂಚು ಕೈಯದು ಅಂತ ಹಂಚಿಕೊಂಡೆವು. ಹೆಸರಿನ ಎಡಕ್ಕೆ ಒಂದು ಗೋಪುರ, ಬಲಕ್ಕೆ ಒಂದು ಗೋಪುರ, ಕೆಳಗೆ ಉದ್ದಕ್ಕೂ ಮುರ್ಗಿಯ ಸಾಲು. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ, ಹಿಂದೆ ಮುಂದೆ ಎರಡೂ ಒಂದೇ ಥರ ಕಾಣಬೇಕು. ನನ್ನ ಅಕ್ಷರದ ಹಿಂದೆ ಬಿಳಿ ಹಾಳೆ, ಬಾಬಿನ್ ದಾರ. ಪಕ್ಕದಲ್ಲೇ ಅವ್ವನ ಗೋಪುರ ಹಿಂದೆಯೂ ಗೋಪುರವೇ. ಒಳಪದರ ಹಾಕಿ ಮುಚ್ಚುವ ಮುಂಚೆ ಆ ಹಿಂಬದಿಯನ್ನು ಎಷ್ಟೋ ಹೊತ್ತು ನೋಡುತ್ತಾ ಕೂತಿದ್ದೆ. ಮುಚ್ಚಲು ಮನಸ್ಸೇ ಬರಲಿಲ್ಲ.

ಖಣವನ್ನು ಎರಡೂ ಬದಿಗೆ ಮಾತ್ರ ಇಟ್ಟದ್ದಕ್ಕೂ ಕಾರಣ ಇದೆ. ಅದರ ಮೇಲೆ ನೇಯ್ಗೆಯಲ್ಲೇ ಸಣ್ಣ ಸಣ್ಣ ಹೂವು ಬಂದಿರುತ್ತದೆ, ಮೇಲೆ ಅಕ್ಷರ ಹಾಕಿದರೆ ಎರಡೂ ಕೆಡುತ್ತವೆ.

ವಿಭೂತಿ ಚೀಲಗಳ ಕೆಲಸ ಬೇಗ ಮುಗಿಯಿತು. ಹುಬ್ಬಳ್ಳಿ ಬೆಂಗೇರಿಯ ಖಾದಿ, ಅಲ್ಲಿ ರಾಷ್ಟ್ರಧ್ವಜವೂ ತಯಾರಾಗುತ್ತದೆ. ಬಿಳಿ ಖಾದಿ ಮೇಲೆ ಕುಂಕುಮ ಬಣ್ಣದ ಓಂ, ಮೂರು ಸೆಂ.ಮೀ. ಎತ್ತರ. ಖಾದಿಯ ಎಳೆ ಒಂದು ದಪ್ಪ ಒಂದು ತೆಳು, ಅದಕ್ಕೆ ಅಕ್ಷರದ ಅಂಚು ಅಂಕುಡೊಂಕಾಗಿ ಕಂಡಿತು. ನೀರಲ್ಲಿ ಕರಗುವ ಪಾರದರ್ಶಕ ಹಾಳೆಯನ್ನು ಬಟ್ಟೆಯ ಮೇಲೆ ಇಟ್ಟು ಹೊಲಿದರೆ ದಾರ ಎಳೆಗಳ ಸಂದಿಗೆ ಇಳಿಯದೆ ಮೇಲೇ ನಿಲ್ಲುತ್ತದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹಾಳೆ ಹೋಗುತ್ತದೆ. ಓಂಕಾರದ ಸೊನ್ನೆಯನ್ನು ಫೈಲಿನಲ್ಲಿ ಸ್ವಲ್ಪ ಮೊಟ್ಟೆಯಾಕಾರ ಮಾಡಿ ಇಟ್ಟೆ. ಹೊಲಿದ ಮೇಲೆ ಎಳೆತಕ್ಕೆ ಅದು ದುಂಡಗಾಯಿತು. ದುಂಡಗೆ ಬಿಡಿಸಿದ್ದರೆ ಮೊಟ್ಟೆಯಾಗುತ್ತಿತ್ತು.

ಗೃಹಪ್ರವೇಶದ ಹಿಂದಿನ ದಿನ ತೋರಣ ಕಟ್ಟಿದೆವು. ಅತ್ತೆ ಕುರ್ಚಿ ಹತ್ತಿ ತಾವೇ ಕಟ್ಟಿದರು, ಯಾರಿಗೂ ಬಿಡಲಿಲ್ಲ. ಕೆಳಗಿಳಿದು ಜೋರಾಗಿ ಓದಿದರು, ಪ್ರತಿ ಅಕ್ಷರ ಬಿಡಿಸಿ. ಸಿದ್ಧಾ ಅನ್ನುವಾಗ ಧ ಎಷ್ಟು ಒತ್ತಿ ಹೇಳಿದರೆಂದರೆ ಅವ್ವ ನನ್ನ ಕಡೆ ತಿರುಗಿ ನೋಡಿದರು.

ಅಲ್ಲಿಗೆ ಬಂದಿದ್ದ ಅತ್ತೆಯ ಪಕ್ಕದ ಮನೆಯವರು ಈಗ ಒಂದು ಬಟ್ಟೆ ಕೇಳಿದ್ದಾರೆ. ಅವರು ಸವದತ್ತಿ ಯಲ್ಲಮ್ಮನ ಒಕ್ಕಲು, "ಉಧೋ ಉಧೋ" ಅಂತ ಹಾಕಿಕೊಡಬೇಕಂತೆ. ಮತ್ತೆ ಧ, ಅದೂ ಎರಡು, ಮೇಲೆ ಓಕಾರ. ನಿನ್ನೆ ರಾತ್ರಿ ಹಳೇ ಪಂಚೆ ತುಂಡಿನ ಮೇಲೆ "ಗೋಧಿ" ಅಂತ ಹೊಲಿದು ಅವ್ವನ ಹಾಸಿಗೆ ಪಕ್ಕ ಇಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಅವ್ವ ಅದನ್ನು ಕಿಟಕಿಗೆ ಹಿಡಿದುಕೊಂಡು ನಿಂತಿದ್ದರು.